ಕತ್ತಿನ ರಕ್ತನಾಳದ ಗೋಡೆ, ಪ್ಲಾಕ್, ಕ್ಯಾಲ್ಸಿಯಂ ಸ್ಕೋರ್: ಹೃದ್ರೋಗದ ಅಪಾಯ ತಿಳಿಯಲು ಯಾವ ಪರೀಕ್ಷೆ?

ತಪಾಸಣೆಯ ವರದಿಯಲ್ಲಿ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್ ಅಂಕಿಗಳೆಲ್ಲ ಮುಗಿದ ಮೇಲೆ, ಕೊನೆಯ ಪುಟದಲ್ಲಿ ಕೆಲವೊಮ್ಮೆ ಒಂದು ಸಾಲು ಇರುತ್ತದೆ: ‘ಕ್ಯಾರೋಟಿಡ್ ಐ.ಎಂ.ಟಿ. — ಬಲ 0.82 ಮಿ.ಮೀ., ಎಡ 0.79 ಮಿ.ಮೀ.’ ಓದಿದವರಿಗೆ ಇದು ಸಮಾಧಾನ ಪಡಬೇಕಾದ ಸಂಗತಿಯೋ ಗಾಬರಿಯಾಗಬೇಕಾದ ಸಂಗತಿಯೋ ತಿಳಿಯುವುದಿಲ್ಲ. ಕೆಲವರು ಮುಂದಿನ ವರ್ಷ ಅದೇ ಸ್ಕ್ಯಾನ್ ಮಾಡಿಸಿ, 0.82 ಇದ್ದದ್ದು 0.76ಕ್ಕೆ ಇಳಿದಿದೆ ಎಂದು ಸಂತೋಷಪಡುತ್ತಾರೆ. ಆ ಸಂತೋಷಕ್ಕೆ ಆಧಾರವಿದೆಯೇ, ಈ ಅಳತೆಯ ಬದಲು ಬೇರೆ ಯಾವುದನ್ನಾದರೂ ಮಾಡಿಸುವುದು ಒಳ್ಳೆಯದೇ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಈ ಹೋಲಿಕೆ ಇದುವರೆಗೆ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಆಗದ, ಯಾವ ಲಕ್ಷಣವೂ ಇಲ್ಲದ ವಯಸ್ಕರಿಗೆ ಸಂಬಂಧಿಸಿದ್ದು. ನಡೆಯುವಾಗ ಎದೆ ಹಿಡಿದಂತಾಗುವುದು, ಇದ್ದಕ್ಕಿದ್ದಂತೆ ಒಂದು ಕೈಯ ಶಕ್ತಿ ಹೋಗುವುದು, ಮಾತು ತೊದಲುವುದು ಮುಂತಾದ ಲಕ್ಷಣಗಳಿದ್ದವರು ಅಪಾಯದ ಅಂದಾಜಿಗೆ ಕೂರದೆ ನೇರವಾಗಿ ಚಿಕಿತ್ಸೆಗೆ ಹೋಗಬೇಕು. ಅವರ ದಾರಿಯೇ ಬೇರೆ.

ಮೊದಲು ಲೆಕ್ಕ, ಆಮೇಲೆ ಸ್ಕ್ಯಾನ್

ಎಲ್ಲ ಸ್ಕ್ಯಾನ್‌ಗಳಿಗೂ ಮೊದಲು ಬರಬೇಕಾದದ್ದು ಯಂತ್ರವೇ ಬೇಡದ ಒಂದು ಲೆಕ್ಕ. ವಯಸ್ಸು, ಲಿಂಗ, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ, ಸಕ್ಕರೆ ಕಾಯಿಲೆ ಇವುಗಳನ್ನು ಸೂತ್ರಕ್ಕೆ ಹಾಕಿದರೆ ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಂಭವ ಶೇಕಡಾ ಎಷ್ಟು ಎಂಬ ಅಂದಾಜು ಸಿಗುತ್ತದೆ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರನ್ನು ಹಿಂಬಾಲಿಸಲು ಆರಂಭಿಸಿದ ಅಧ್ಯಯನದಿಂದ ಈ ಬಗೆಯ ಲೆಕ್ಕ ಬೆಳೆದು ಬಂತು. ಈಗ ಯುರೋಪಿನಲ್ಲಿ 2021ರ ಸ್ಕೋರ್-2, ಬ್ರಿಟನ್ನಿನಲ್ಲಿ ಕ್ಯೂರಿಸ್ಕ್, ಅಮೆರಿಕದಲ್ಲಿ 2023ರ ಪ್ರಿವೆಂಟ್ ಬಳಕೆಯಲ್ಲಿವೆ. ಒಂದು ಜನಸಮುದಾಯದ ಮೇಲೆ ಕಟ್ಟಿದ ಸೂತ್ರವನ್ನು ಇನ್ನೊಂದು ಸಮುದಾಯಕ್ಕೆ ಹಾಗೆಯೇ ಹಚ್ಚಿದರೆ ಅಂದಾಜು ಏರುಪೇರಾಗುತ್ತದೆ. ಅಪಾಯದ ಬಹುಪಾಲು ವಯಸ್ಸಿನಿಂದಲೇ ಬರುವುದರಿಂದ, ನಲವತ್ತರ ಆಸುಪಾಸಿನ ಧೂಮಪಾನಿಗೂ ಸೂತ್ರವು ಕಡಿಮೆ ಶೇಕಡಾವಾರು ತೋರಿಸಿ ಮೋಸ ಮಾಡಬಹುದು. ಇಷ್ಟೆಲ್ಲ ಕುಂದುಗಳಿದ್ದರೂ ಉಳಿದ ಪರೀಕ್ಷೆಗಳ ಯೋಗ್ಯತೆಯನ್ನು ಅಳೆಯುವುದು ಈ ಲೆಕ್ಕದ ಎದುರಿಗೇ. ‘ಸ್ಕ್ಯಾನ್ ಅಪಾಯವನ್ನು ತೋರಿಸುತ್ತದೆಯೇ’ ಎಂದು ಕೇಳಿದರೆ ಸಾಲದು. ಪುಕ್ಕಟೆಯಾಗಿ ಸಿಗುವ ಈ ಅಂದಾಜಿಗೆ ಅದು ಏನನ್ನು ಹೊಸದಾಗಿ ಸೇರಿಸುತ್ತದೆ ಎಂದು ಕೇಳಬೇಕು.

ಗೋಡೆಯ ದಪ್ಪದ ಅಳತೆ

ಅಪಧಮನಿಯ ಗೋಡೆಗೆ ಮೂರು ಪದರಗಳು. ರಕ್ತಕ್ಕೆ ತಾಗಿಕೊಂಡಿರುವುದು ಒಳಪದರವಾದ ಇಂಟಿಮಾ, ಅದರ ಹಿಂದೆ ಸ್ನಾಯುವಿನಿಂದಾದ ನಡುಪದರ ಮೀಡಿಯಾ, ಎಲ್ಲಕ್ಕಿಂತ ಹೊರಗೆ ಅಡ್ವೆಂಟಿಷಿಯಾ. ಇಟಲಿಯ ಪಾವೊಲೊ ಪಿನ್ಯೋಲಿ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಲ್ಟ್ರಾಸೌಂಡ್ ಪರದೆಯ ಮೇಲೆ ಕಾಣುವ ಎರಡು ಸಮಾನಾಂತರ ಗೆರೆಗಳ ನಡುವಿನ ಅಂತರವು ಮೊದಲ ಎರಡು ಪದರಗಳ ಒಟ್ಟು ದಪ್ಪಕ್ಕೆ ಹೊಂದುತ್ತದೆ ಎಂದು ತೋರಿಸಿಕೊಟ್ಟರು. ಅದೇ ಇಂಟಿಮಾ-ಮೀಡಿಯಾ ದಪ್ಪ, ಅಂದರೆ ಐ.ಎಂ.ಟಿ. ಕತ್ತಿನ ಕ್ಯಾರೋಟಿಡ್ ಅಪಧಮನಿ ಚರ್ಮದ ಕೆಳಗೆ ಸುಲಭವಾಗಿ ಸಿಗುವುದರಿಂದ ಅದನ್ನೇ ಆರಿಸಿಕೊಳ್ಳಲಾಯಿತು. ಹೃದಯದ ರಕ್ತನಾಳಗಳು ಪಕ್ಕೆಲುಬುಗಳ ಹಿಂದೆ ಸದಾ ಮಿಡಿಯುತ್ತಿರುವುದರಿಂದ ಹೊರಗಿನಿಂದ ಈ ಶಬ್ದತರಂಗಗಳ ಕೈಗೆ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಅಳತೆ ಮಾಡುವುದನ್ನು ಹತ್ತಿರದಿಂದ ನೋಡಿದರೆ ಅದರ ಶಕ್ತಿಯೂ ಮಿತಿಯೂ ಒಟ್ಟಿಗೇ ತಿಳಿಯುತ್ತವೆ. ಅಂಗಾತ ಮಲಗಿ ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿದಾಗ, ಜೆಲ್ ಹಚ್ಚಿದ ಕತ್ತಿನ ಮೇಲೆ ಪ್ರೋಬನ್ನು, ಅಂದರೆ ಶಬ್ದತರಂಗ ಕಳಿಸುವ ಕೈಯುಪಕರಣವನ್ನು, ಉದ್ದಕ್ಕೆ ಇಡುತ್ತಾರೆ. ಪರದೆಯ ಮೇಲೆ ಕಪ್ಪು ಕಾಲುವೆಯಂತೆ ರಕ್ತನಾಳ ಕಾಣುತ್ತದೆ. ಅದರ ಕೆಳದಂಡೆಯಲ್ಲಿ ಒಂದು ತೆಳು ಬಿಳಿ ಗೆರೆ, ಅದರ ಕೆಳಗೆ ಕೂದಲೆಳೆಯಷ್ಟು ಕಪ್ಪು ಸಂದು, ಮತ್ತೆ ಒಂದು ದಪ್ಪ ಬಿಳಿ ಗೆರೆ. ಮೊದಲ ಗೆರೆಯ ಮೇಲಂಚಿನಿಂದ ಎರಡನೆಯ ಗೆರೆಯ ಮೇಲಂಚಿನವರೆಗೆ ಅಳೆಯಬೇಕು. ಪ್ರೋಬಿನಿಂದ ದೂರದ ಗೋಡೆಯಲ್ಲಿ, ರಕ್ತನಾಳ ಕವಲೊಡೆಯುವ ಜಾಗಕ್ಕೆ ಸ್ವಲ್ಪ ಹಿಂದಿನ ಒಂದು ಸೆಂಟಿಮೀಟರ್ ಉದ್ದದಲ್ಲಿ, ಹೃದಯ ಸಡಿಲಗೊಂಡ ಗಳಿಗೆಯಲ್ಲಿ ಅಳೆಯಬೇಕು. ಹೃದಯ ಹಿಂಡಿದಾಗ ನಾಳ ಉಬ್ಬಿ ಗೋಡೆ ತೆಳುವಾಗುತ್ತದೆಯಾದ್ದರಿಂದ ಈ ಗಳಿಗೆಯೂ ಮುಖ್ಯ.

ಈಗ ಸ್ವಲ್ಪ ಗಣಿತ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಪ್ರೋಬಿನ ಆವರ್ತನ 10 ಮೆಗಾಹರ್ಟ್ಸ್ ಆದರೆ ತರಂಗದ ಉದ್ದ ಸುಮಾರು 0.15 ಮಿ.ಮೀ. ಆಗುತ್ತದೆ. ವರದಿಗಳಲ್ಲಿ ನಾವು ಚರ್ಚಿಸುವ ವ್ಯತ್ಯಾಸಗಳಾದರೋ 0.05, 0.1 ಮಿ.ಮೀ., ಅಂದರೆ ಒಂದು ತರಂಗಕ್ಕಿಂತಲೂ ಕಿರಿದು. ಸೆಂಟಿಮೀಟರ್ ಉದ್ದಕ್ಕೂ ಅನೇಕ ಬಿಂದುಗಳಲ್ಲಿ ಅಳೆದು, ಸಾಫ್ಟ್‌ವೇರಿನಿಂದ ಸರಾಸರಿ ತೆಗೆದರೆ ಇಷ್ಟು ಸೂಕ್ಷ್ಮ ಸಾಧ್ಯ. ಅವಸರದಲ್ಲಿ ಒಂದೆರಡು ಬಿಂದುಗಳನ್ನು ಕೈಯಿಂದ ಗುರುತಿಸಿ ಬರೆದ ಸಂಖ್ಯೆಯ ಎರಡನೆಯ ದಶಮಾಂಶವನ್ನು ನಾನು ನಂಬುವುದಿಲ್ಲ. ಪ್ರೋಬ್ ಸ್ವಲ್ಪ ಓರೆಯಾದರೂ ಗೋಡೆ ದಪ್ಪವಾಗಿ ಕಾಣುತ್ತದೆ.

ವಿಷಯದ ತಿರುಳು ಇರುವುದು ಮಾತ್ರ ಇನ್ನೊಂದು ಕಡೆ. ಕೊಬ್ಬು ಶೇಖರವಾಗುವ ರೋಗ ಹುಟ್ಟುವುದು ಒಳಪದರದಲ್ಲಿ. ನಡುಪದರ ದಪ್ಪವಾಗುವುದು ಮುಖ್ಯವಾಗಿ ವಯಸ್ಸಿನಿಂದ ಮತ್ತು ರಕ್ತದೊತ್ತಡದಿಂದ. ಹೆಚ್ಚು ಒತ್ತಡಕ್ಕೆ ಸ್ನಾಯು ಒಗ್ಗಿಕೊಳ್ಳುವ ರೀತಿ ಅದು. ಅಲ್ಟ್ರಾಸೌಂಡ್ ಇವೆರಡನ್ನೂ ಬೇರ್ಪಡಿಸಲಾರದೆ ಒಟ್ಟಾಗಿ ಅಳೆಯುತ್ತದೆ. ಹೀಗಾಗಿ ಐ.ಎಂ.ಟಿ. ಬಹುಮಟ್ಟಿಗೆ ಹೇಳುವುದು ನಿಮ್ಮ ವಯಸ್ಸನ್ನೂ ಇಷ್ಟು ವರ್ಷಗಳ ರಕ್ತದೊತ್ತಡವನ್ನೂ. ಲೆಕ್ಕದ ಸೂತ್ರ ಅವನ್ನು ಆಗಲೇ ಎಣಿಸಿಬಿಟ್ಟಿದೆ.

ದೊಡ್ಡ ಅಧ್ಯಯನಗಳ ಫಲಿತಾಂಶವೂ ಇದಕ್ಕೆ ತಾಳೆಯಾಗುತ್ತದೆ. 45ರಿಂದ 64 ವಯಸ್ಸಿನ 15,792 ಅಮೆರಿಕನ್ನರನ್ನು 1987ರಿಂದ ನೋಂದಾಯಿಸಿಕೊಂಡ ಅರಿಕ್ ಅಧ್ಯಯನವೂ, ಅರವತ್ತೈದು ದಾಟಿದವರ ಮೇಲಿನ ಕಾರ್ಡಿಯೋವ್ಯಾಸ್ಕುಲರ್ ಹೆಲ್ತ್ ಸ್ಟಡಿಯೂ ಗೋಡೆ ದಪ್ಪವಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚು ಎಂದು ತೋರಿಸಿದವು. 2007ರಲ್ಲಿ ಎಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಸು ಮತ್ತು ಲಿಂಗವನ್ನು ಸರಿಹೊಂದಿಸಿದ ಮೇಲೆ, ಪ್ರತಿ 0.1 ಮಿ.ಮೀ. ಹೆಚ್ಚಳಕ್ಕೆ ಹೃದಯಾಘಾತದ ಅಪಾಯ ಶೇಕಡಾ 10ರಿಂದ 15ರಷ್ಟು, ಪಾರ್ಶ್ವವಾಯುವಿನದು ಶೇಕಡಾ 13ರಿಂದ 18ರಷ್ಟು ಏರುತ್ತದೆ ಎಂದು ಕಂಡುಬಂತು. ಸಂಬಂಧ ಇರುವುದು ಖಚಿತ. ಆದರೆ 2012ರಲ್ಲಿ 45,828 ಜನರ ಮಾಹಿತಿಯನ್ನು ಸೇರಿಸಿ, ಫ್ರೇಮಿಂಗ್‌ಹ್ಯಾಮ್ ಲೆಕ್ಕಕ್ಕೆ ಐ.ಎಂ.ಟಿ.ಯನ್ನು ಕೂಡಿಸಿದಾಗ ಏನಾಗುತ್ತದೆ ಎಂದು ನೋಡಿದರು. ಮುಂದೆ ಕಾಯಿಲೆ ಬೀಳುವ ಒಬ್ಬರನ್ನೂ ಬೀಳದ ಒಬ್ಬರನ್ನೂ ಜೋಡಿ ಮಾಡಿ ‘ಯಾರ ಅಪಾಯ ಹೆಚ್ಚು’ ಎಂದು ಕೇಳಿದರೆ, ಬರಿಯ ಲೆಕ್ಕ ಸಾವಿರ ಜೋಡಿಗಳಲ್ಲಿ 757ನ್ನು ಸರಿಯಾಗಿ ಹೇಳುತ್ತಿತ್ತು, ಐ.ಎಂ.ಟಿ. ಸೇರಿದ ಮೇಲೆ 759. ಇಷ್ಟೇ ಲಾಭ.

ಒಬ್ಬ ವ್ಯಕ್ತಿಯ ಮಟ್ಟಕ್ಕೆ ಇಳಿಸಿ ನೋಡೋಣ. ಐವತ್ತೆರಡು ವರ್ಷದವರೊಬ್ಬರ ಹತ್ತು ವರ್ಷಗಳ ಅಪಾಯ ಶೇಕಡಾ 11 ಎಂದಿಟ್ಟುಕೊಳ್ಳಿ. ಅವರ ಗೋಡೆ ಸಮವಯಸ್ಕರ ಸರಾಸರಿಗಿಂತ 0.1 ಮಿ.ಮೀ. ದಪ್ಪವಿದ್ದು, ಮೇಲಿನ ಉದಾರ ಅಂಕಿಯನ್ನೇ ಹಚ್ಚಿದರೂ ಅದು 12 ಅಥವಾ 13 ಆಗುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೋ ಬೇಡವೋ ಎಂಬ ಚರ್ಚೆ 11ರಲ್ಲಿ ಎಲ್ಲಿತ್ತೋ 13ರಲ್ಲೂ ಅಲ್ಲೇ ಇರುತ್ತದೆ.

ಈ ಕಾರಣದಿಂದಲೇ ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿ ಮೂರೇ ವರ್ಷಗಳಲ್ಲಿ ಹೊರಳಿತು: 2010ರಲ್ಲಿ ಮಧ್ಯಮ ಅಪಾಯದವರಿಗೆ ಐ.ಎಂ.ಟಿ. ಮಾಡಿಸುವುದು ಸಮಂಜಸ ಎಂದಿದ್ದದ್ದು, 2013ರಲ್ಲಿ ದಿನನಿತ್ಯದ ಬಳಕೆಗೆ ಬೇಡ ಎಂದಾಯಿತು. 2016ರಲ್ಲಿ ಯುರೋಪಿನ ಮಾರ್ಗಸೂಚಿಯೂ ಬೇಡವೆಂದಿತು. ಪರೀಕ್ಷೆಯನ್ನು ಮಾರುವವರ ಕರಪತ್ರಗಳು ಇನ್ನೂ 2010ರಲ್ಲೇ ನಿಂತಿರುವುದು ವಿಚಿತ್ರವೇನಲ್ಲ.

ವರ್ಷವರ್ಷವೂ ಅಳೆಯುವುದಂತೂ ಇನ್ನೂ ದುರ್ಬಲ ಉಪಾಯ. ವಯಸ್ಸಿನೊಡನೆ ಗೋಡೆ ದಪ್ಪವಾಗುವ ಗತಿ ವರ್ಷಕ್ಕೆ ಸರಿಸುಮಾರು 0.01 ಮಿ.ಮೀ.; ಒಬ್ಬರನ್ನೇ ಒಂದು ವಾರದ ಅಂತರದಲ್ಲಿ ಎರಡು ಸಲ ಅಳೆದರೆ ಬರುವ ವ್ಯತ್ಯಾಸ ಅದರ ಹಲವು ಪಟ್ಟು ಇರಬಹುದು. ಆದ್ದರಿಂದ ಮೊದಲು ಹೇಳಿದ 0.82ರಿಂದ 0.76ಕ್ಕೆ ಇಳಿಕೆ ಗೋಡೆಯದ್ದಾಗಿರುವುದಕ್ಕಿಂತ ಅಳತೆಯದ್ದಾಗಿರುವ ಸಾಧ್ಯತೆ ಹೆಚ್ಚು. 36,984 ಜನರ ಮಾಹಿತಿಯ ಮೇಲೆ 2012ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ದಪ್ಪ ಏರುವ ವೇಗಕ್ಕೂ ಮುಂದಿನ ಕಾಯಿಲೆಗೂ ಸಂಬಂಧ ಕಾಣಲಿಲ್ಲ; ಎರಡು ಅಳತೆಗಳ ಸರಾಸರಿಗೆ ಮಾತ್ರ ಸಂಬಂಧವಿತ್ತು. ಸಂಶೋಧನೆಯಲ್ಲಿ ಕಥೆ ಬೇರೆ. 119 ಪ್ರಯೋಗಗಳ ಸುಮಾರು ಒಂದು ಲಕ್ಷ ರೋಗಿಗಳನ್ನು ಒಟ್ಟಿಗೆ ನೋಡಿದ 2020ರ ವಿಶ್ಲೇಷಣೆಯಲ್ಲಿ, ಗೋಡೆ ದಪ್ಪವಾಗುವುದನ್ನು ಹೆಚ್ಚು ನಿಧಾನಿಸಿದ ಚಿಕಿತ್ಸೆಗಳೇ ಹೃದಯಾಘಾತಗಳನ್ನೂ ಹೆಚ್ಚು ತಗ್ಗಿಸಿದ್ದವು. ಸಾವಿರಾರು ಜನರ ಸರಾಸರಿಯಲ್ಲಿ ಅಳತೆಯ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಒಬ್ಬರ ಕತ್ತಿನಲ್ಲಿ ಹಾಗಾಗುವುದಿಲ್ಲ.

ಅದೇ ಪ್ರೋಬ್, ಬೇರೆ ಪ್ರಶ್ನೆ

ಅದೇ ಯಂತ್ರ, ಅದೇ ಜೆಲ್, ಇನ್ನೊಂದು ಹತ್ತು ನಿಮಿಷ ಕೊಟ್ಟರೆ ಹೆಚ್ಚು ಉಪಯುಕ್ತವಾದ ಪ್ರಶ್ನೆಯೊಂದಕ್ಕೆ ಉತ್ತರ ಸಿಗುತ್ತದೆ: ಪ್ಲಾಕ್ ಇದೆಯೇ? ಪ್ಲಾಕ್ ಎಂದರೆ ಗೋಡೆ ಒಟ್ಟಾರೆ ದಪ್ಪವಾಗುವುದಲ್ಲ, ಒಂದು ಜಾಗದಲ್ಲಿ ದಿಬ್ಬದಂತೆ ಏಳುವುದು. ತಜ್ಞರು ಒಪ್ಪಿಕೊಂಡ ಮನ್‌ಹೈಮ್ ಒಮ್ಮತದ ವ್ಯಾಖ್ಯೆಯಂತೆ ಆ ದಿಬ್ಬ ನಾಳದೊಳಕ್ಕೆ ಕನಿಷ್ಠ 0.5 ಮಿ.ಮೀ. ಚಾಚಿಕೊಂಡಿರಬೇಕು, ಅಥವಾ ಸುತ್ತಲಿನ ಗೋಡೆಯ ದಪ್ಪಕ್ಕಿಂತ ಅರ್ಧದಷ್ಟು ಹೆಚ್ಚಿರಬೇಕು, ಅಥವಾ ಅಲ್ಲಿನ ದಪ್ಪ 1.5 ಮಿ.ಮೀ. ಮೀರಿರಬೇಕು. ಇದು ಒಳಪದರದ ರೋಗವೇ. ವಯಸ್ಸಿನ ಸಹಜ ದಪ್ಪದೊಡನೆ ಬೆರೆತುಹೋಗುವುದಿಲ್ಲ. ಗಾತ್ರವೂ ದೊಡ್ಡದಾದ್ದರಿಂದ ಪ್ರೋಬಿನ ಸೂಕ್ಷ್ಮತೆಯೊಡನೆ ಹೆಣಗಬೇಕಾಗಿಲ್ಲ.

ಹುಡುಕುವ ಜಾಗವೂ ಬೇರೆ. ಐ.ಎಂ.ಟಿ. ಅಳೆಯುವುದು ಕವಲಿನ ಹಿಂದಿನ ನೇರ ಭಾಗದಲ್ಲಿ, ಏಕೆಂದರೆ ಅಲ್ಲಿ ಗೆರೆಗಳು ಸ್ವಚ್ಛ. ಪ್ಲಾಕ್ ಮೊದಲು ಕೂರುವುದು ರಕ್ತದ ಹರಿವು ಸುಳಿಯಾಗುವ ಕವಲಿನಲ್ಲಿ ಮತ್ತು ಅದರಾಚೆಯ ಒಳ ಕ್ಯಾರೋಟಿಡ್‌ನ ಬುಡದಲ್ಲಿ. ಹೀಗಾಗಿ ‘ಐ.ಎಂ.ಟಿ. ಸಹಜ’ ಎಂದು ಬರೆದ ವರದಿ, ಎರಡು ಸೆಂಟಿಮೀಟರ್ ಮೇಲೆ ಕುಳಿತ ಪ್ಲಾಕಿನ ಬಗ್ಗೆ ಏನನ್ನೂ ಹೇಳದೆ ಇರಬಹುದು. 2021ರ ಯುರೋಪಿನ ಮಾರ್ಗಸೂಚಿ ಐ.ಎಂ.ಟಿ.ಯನ್ನು ಬದಿಗಿಟ್ಟು, ಕ್ಯಾಲ್ಸಿಯಂ ಸ್ಕೋರ್ (ಮುಂದೆ ವಿವರಿಸುವ ಸಿ.ಟಿ. ಪರೀಕ್ಷೆ) ಮಾಡಿಸಲು ಸಾಧ್ಯವಾಗದ ಕಡೆ ಕ್ಯಾರೋಟಿಡ್ ಪ್ಲಾಕನ್ನು ಪರ್ಯಾಯವಾಗಿ ಪರಿಗಣಿಸಬಹುದು ಎಂದಿರುವುದು ಇದಕ್ಕೇ.

ತೊಡೆಸಂದಿಯ ಫೆಮೊರಲ್ ಅಪಧಮನಿಯನ್ನೂ ನೋಡಿದರೆ ಇನ್ನೂ ಒಳ್ಳೆಯದು. ಮ್ಯಾಡ್ರಿಡ್‌ನ ಬ್ಯಾಂಕ್ ಉದ್ಯೋಗಿಗಳಲ್ಲಿ, 40ರಿಂದ 54 ವಯಸ್ಸಿನ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಪೇಸಾ ಅಧ್ಯಯನದಲ್ಲಿ ಶೇಕಡಾ 63 ಜನರಿಗೆ ಎಲ್ಲಾದರೊಂದು ಕಡೆ ಸದ್ದಿಲ್ಲದ ರೋಗವಿತ್ತು. ಅದು ತೊಡೆಯತ್ತ ಹೋಗುವ ನಾಳಗಳಲ್ಲಿ ಶೇಕಡಾ 44, ಕ್ಯಾರೋಟಿಡ್‌ನಲ್ಲಿ 31, ಹೃದಯದ ನಾಳಗಳ ಕ್ಯಾಲ್ಸಿಯಂ ರೂಪದಲ್ಲಿ 18. ನಡುವಯಸ್ಸಿನಲ್ಲಿ ಕತ್ತೊಂದನ್ನೇ ನೋಡಿ ‘ಎಲ್ಲ ಸರಿ’ ಎನ್ನುವುದು ಅವಸರದ ಮಾತು ಎಂದು ಈ ಅಂಕಿಗಳು ಹೇಳುತ್ತವೆ.

ಪ್ಲಾಕ್ ಹುಡುಕುವುದನ್ನು ಕ್ಯಾರೋಟಿಡ್ ನಾಳ ಎಷ್ಟು ಕಿರಿದಾಗಿದೆ ಎಂದು ನೋಡುವ ಡಾಪ್ಲರ್ ತಪಾಸಣೆಯೊಡನೆ ಬೆರೆಸಬಾರದು. ಲಕ್ಷಣಗಳಿಲ್ಲದ ಸಾಮಾನ್ಯ ವಯಸ್ಕರಲ್ಲಿ ಕಿರಿದಾಗುವಿಕೆಯನ್ನು ಹುಡುಕುತ್ತ ಹೋಗಬೇಡಿ ಎಂದು ಅಮೆರಿಕದ ಮುಂಜಾಗ್ರತಾ ಸೇವೆಗಳ ಕಾರ್ಯಪಡೆ 2014ರಲ್ಲೂ 2021ರಲ್ಲೂ ಹೇಳಿದೆ. ಸುಳ್ಳು ಫಲಿತಾಂಶಗಳೂ ಬೇಡದ ಶಸ್ತ್ರಚಿಕಿತ್ಸೆಗಳೂ ಲಾಭಕ್ಕಿಂತ ಹೆಚ್ಚು ಹಾನಿ ಮಾಡುತ್ತವೆಂಬುದೇ ಕಾರಣ.

ಕ್ಯಾಲ್ಸಿಯಂ ಸ್ಕೋರ್

ಮೂರನೆಯ ಆಯ್ಕೆ ನೇರವಾಗಿ ಹೃದಯವನ್ನೇ ನೋಡುತ್ತದೆ. ಸೂಜಿಯಾಗಲಿ ಬಣ್ಣದ ದ್ರವವಾಗಲಿ ಇಲ್ಲದೆ, ಒಂದು ಸಲ ಉಸಿರು ಬಿಗಿಹಿಡಿಯುವಷ್ಟು ಹೊತ್ತಿನಲ್ಲಿ ತೆಗೆಯುವ ಸಿ.ಟಿ. ಚಿತ್ರದಲ್ಲಿ, ಹೃದಯಕ್ಕೆ ರಕ್ತ ಒದಗಿಸುವ ಕೊರೊನರಿ ನಾಳಗಳ ಪ್ಲಾಕಿನೊಳಗೆ ಗಟ್ಟಿಯಾಗಿ ಕೂತ ಕ್ಯಾಲ್ಸಿಯಂ ಬಿಳಿಯ ಚುಕ್ಕೆಗಳಾಗಿ ಕಾಣುತ್ತದೆ. 1990ರಲ್ಲಿ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು ಕೊಟ್ಟ ವಿಧಾನದಲ್ಲಿ ಅವುಗಳ ವಿಸ್ತಾರ ಮತ್ತು ಸಾಂದ್ರತೆಯಿಂದ ಒಂದು ಸಂಖ್ಯೆ ಬರುತ್ತದೆ. ವಿಕಿರಣ ಸುಮಾರು 1 ಮಿಲಿಸೀವರ್ಟ್.

ಐ.ಎಂ.ಟಿ.ಗೂ ಇದಕ್ಕೂ ಒಂದೇ ಅಂಗಳದಲ್ಲಿ ಪೈಪೋಟಿ ನಡೆದದ್ದು ಅಮೆರಿಕದ ಮೀಸಾ ಅಧ್ಯಯನದಲ್ಲಿ. ಅಲ್ಲಿ ಒಬ್ಬರಿಗೇ ಎರಡೂ ಪರೀಕ್ಷೆಗಳಾಗಿದ್ದವು. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ, ಸಮಾನ ಪ್ರಮಾಣದ ಏರಿಕೆಗೆ ಕ್ಯಾಲ್ಸಿಯಂ ಸ್ಕೋರ್ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಅಪಾಯವನ್ನು 2.1 ಪಟ್ಟು ಏರಿಸಿದರೆ ಗೋಡೆಯ ದಪ್ಪ 1.3 ಪಟ್ಟು ಏರಿಸಿತು. ಪಾರ್ಶ್ವವಾಯುವೊಂದರಲ್ಲಿ ಮಾತ್ರ ಗೋಡೆಯ ದಪ್ಪ ತುಸು ಮುಂದಿತ್ತು. ಮಿದುಳಿಗೆ ಹೋಗುವ ನಾಳವನ್ನೇ ಅದು ನೋಡುತ್ತದೆಯಲ್ಲ.

ಈ ಪರೀಕ್ಷೆಯ ಬೆಲೆ ಇರುವುದು ಅದು ಎರಡೂ ದಿಕ್ಕಿಗೆ ತೀರ್ಮಾನವನ್ನು ತಿರುಗಿಸಬಲ್ಲದು ಎಂಬುದರಲ್ಲಿ. ಮೇಲಿನ ಶೇಕಡಾ 11ರ ವ್ಯಕ್ತಿಯ ಸ್ಕೋರ್ ಸೊನ್ನೆ ಬಂದರೆ ಸ್ಟ್ಯಾಟಿನ್ ಸದ್ಯಕ್ಕೆ ಬೇಡ ಎನ್ನಲು, ಐದರಿಂದ ಹತ್ತು ವರ್ಷಗಳಲ್ಲಿ ಮತ್ತೆ ನೋಡಲು 2018ರ ಅಮೆರಿಕದ ಮಾರ್ಗಸೂಚಿ ಅವಕಾಶ ಕೊಡುತ್ತದೆ; ಧೂಮಪಾನ, ಸಕ್ಕರೆ ಕಾಯಿಲೆ ಅಥವಾ ಎಳೆಯ ವಯಸ್ಸಿನಲ್ಲೇ ಹೃದಯಾಘಾತವಾದವರ ಮನೆತನ ಇದ್ದರೆ ಆ ವಿನಾಯಿತಿ ಇಲ್ಲ. 100 ದಾಟಿದರೆ ಮಾತ್ರೆಯ ಕಡೆಗೆ ತಕ್ಕಡಿ ಸ್ಪಷ್ಟವಾಗಿ ವಾಲುತ್ತದೆ. ನಡುವಿನ 1ರಿಂದ 99ರಲ್ಲಿ, ವಿಶೇಷವಾಗಿ ಐವತ್ತೈದು ದಾಟಿದವರಲ್ಲಿ, ಅದೇ ದಿಕ್ಕಿಗೆ ಸ್ವಲ್ಪ ವಾಲುತ್ತದೆ.

ಕುಂದುಗಳೂ ಇವೆ. ಪ್ಲಾಕಿನಲ್ಲಿ ಕ್ಯಾಲ್ಸಿಯಂ ಕೂರಲು ವರ್ಷಗಳು ಬೇಕಾದ್ದರಿಂದ ನಲವತ್ತರೊಳಗಿನವರಲ್ಲಿ ಸೊನ್ನೆ ಬರುವುದು ಸಾಮಾನ್ಯ. ಮೃದುವಾದ ಪ್ಲಾಕ್ ಅದರ ಕಣ್ಣಿಗೆ ಬೀಳುವುದಿಲ್ಲ. ಆ ವಯಸ್ಸಿನಲ್ಲಿ ಅಲ್ಟ್ರಾಸೌಂಡಿನಲ್ಲಿ ಪ್ಲಾಕ್ ಹುಡುಕುವುದೇ ಹೆಚ್ಚು ಅರ್ಥಪೂರ್ಣವೆಂದು ನನ್ನ ಅಭಿಪ್ರಾಯ. ಇನ್ನು ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಪ್ಲಾಕ್ ಗಟ್ಟಿಯಾಗುವುದರಿಂದ ಸ್ಕೋರ್ ಏರುತ್ತದೆ. ಅದನ್ನು ಕಂಡು ಔಷಧ ಕೆಲಸ ಮಾಡುತ್ತಿಲ್ಲವೆಂದು ನಿಲ್ಲಿಸಿದರೆ ತಪ್ಪು ದಾರಿ ಹಿಡಿದಂತೆ.

ರಕ್ತದ ಪರೀಕ್ಷೆಗಳಲ್ಲಿ ಎರಡನ್ನು ಮಾತ್ರ ಹೆಸರಿಸುತ್ತೇನೆ. ಲಿಪೊಪ್ರೋಟೀನ್-ಎ ಬಹುಪಾಲು ವಂಶವಾಹಿಗಳಿಂದ ನಿರ್ಧಾರವಾಗುವುದರಿಂದ ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಕಾಗುತ್ತದೆ. ಡೆಸಿಲೀಟರಿಗೆ 50 ಮಿಲಿಗ್ರಾಂ ಮೀರಿದರೆ ಅಪಾಯ ಹೆಚ್ಚಿಸುವ ಅಂಶವೆಂದು ಎಣಿಸುತ್ತಾರೆ. ಉರಿಯೂತ ತೋರಿಸುವ ಹೈ ಸೆನ್ಸಿಟಿವಿಟಿ ಸಿ.ಆರ್.ಪಿ. ಲೀಟರಿಗೆ 2 ಮಿಲಿಗ್ರಾಂ ಅಥವಾ ಹೆಚ್ಚಿದ್ದರೂ ಹಾಗೆಯೇ, ಆದರೆ ನೆಗಡಿ, ಹಲ್ಲುನೋವುಗಳಿದ್ದಾಗ ಅದನ್ನು ಅಳೆಯಬಾರದು.

ಯಾರಿಗೆ ಯಾವುದು

ಲೆಕ್ಕದಲ್ಲೇ ಅಪಾಯ ಶೇಕಡಾ 20 ದಾಟಿದವರಿಗೆ ಯಾವ ಸ್ಕ್ಯಾನೂ ಬೇಡ. ಏನೇ ಬಂದರೂ ಚಿಕಿತ್ಸೆ ಬೇಕೇ ಬೇಕು. ಶೇಕಡಾ 5ಕ್ಕಿಂತ ಕೆಳಗಿದ್ದು, ಮನೆತನದಲ್ಲಿ ಇತಿಹಾಸವಿಲ್ಲದವರಿಗೂ ಸಾಮಾನ್ಯವಾಗಿ ಬೇಡ. ಆಯ್ಕೆಯ ಪ್ರಶ್ನೆ ಹುಟ್ಟುವುದು ನಡುವಿನವರಿಗೆ, ಅದರಲ್ಲೂ ಮಾತ್ರೆಯ ಬಗ್ಗೆ ವೈದ್ಯರಿಗೂ ತಮಗೂ ನಿಜವಾದ ಅನುಮಾನವಿರುವವರಿಗೆ. ಅವರಲ್ಲಿ ನಲವತ್ತೈದು ದಾಟಿದವರು ಕ್ಯಾಲ್ಸಿಯಂ ಸ್ಕೋರನ್ನೇ ಆರಿಸಿಕೊಳ್ಳುವುದು ಲೇಸು. ಅದಕ್ಕಿಂತ ಕಿರಿಯರಾಗಿದ್ದು ತಂದೆಗೋ ಅಣ್ಣನಿಗೋ ಐವತ್ತೈದರೊಳಗೆ ಹೃದಯಾಘಾತವಾಗಿದ್ದರೆ, ವಿಕಿರಣದಿಂದ ದೂರವಿರಬೇಕಾಗಿದ್ದರೆ, ಅಥವಾ ಸಿ.ಟಿ. ಸೌಲಭ್ಯವೇ ಹತ್ತಿರವಿಲ್ಲದಿದ್ದರೆ ಕತ್ತು ಮತ್ತು ತೊಡೆಸಂದಿಯ ಪ್ಲಾಕ್ ಸ್ಕ್ಯಾನ್ ಕೇಳಿ ಮಾಡಿಸಬಹುದು. ಪ್ಲಾಕ್ ಕಂಡರೆ ಅಪಾಯವನ್ನು ಮೇಲಕ್ಕೆ ಒಯ್ಯುವುದು ನ್ಯಾಯ. ಕಾಣದಿದ್ದರೆ ಅದು ಕ್ಯಾಲ್ಸಿಯಂ ಸೊನ್ನೆಯಷ್ಟು ಗಟ್ಟಿ ಭರವಸೆಯಲ್ಲ.

ಹಾಗಿದ್ದರೆ ಗೋಡೆಯ ದಪ್ಪಕ್ಕೆ ಎಲ್ಲೂ ಜಾಗವಿಲ್ಲವೇ? ಒಂದು ಕಡೆ ಇದೆ, ಅದೂ ಊಹಿಸದ ರೀತಿಯಲ್ಲಿ. ಉತ್ತರ ಸ್ವೀಡನ್‌ನ ವಿಪ್‌ವಿಝಾ ಪ್ರಯೋಗದಲ್ಲಿ 3,532 ಜನರಿಗೆ ಕ್ಯಾರೋಟಿಡ್ ಸ್ಕ್ಯಾನ್ ಮಾಡಿ, ಅರ್ಧದಷ್ಟು ಜನರಿಗೆ ಮಾತ್ರ ಫಲಿತಾಂಶವನ್ನು ಚಿತ್ರರೂಪದಲ್ಲಿ ಕಳಿಸಿದರು: ಗೋಡೆಯ ದಪ್ಪದಿಂದ ಲೆಕ್ಕ ಹಾಕಿದ ರಕ್ತನಾಳದ ವಯಸ್ಸು ಒಂದು ಬಣ್ಣದ ಮಾಪಕದಲ್ಲಿ, ಪ್ಲಾಕ್ ಇದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಕೆಲವು ವಾರಗಳ ಬಳಿಕ ದಾದಿಯೊಬ್ಬರು ಫೋನ್ ಮಾಡಿ ವಿವರಿಸಿದರು. ಒಂದು ವರ್ಷದ ನಂತರ ಚಿತ್ರ ಕಂಡವರ ಅಪಾಯದ ಅಂಕ ಕಾಣದವರಿಗಿಂತ ಕಡಿಮೆಯಾಗಿತ್ತು ಎಂದು 2019ರಲ್ಲಿ ವರದಿಯಾಯಿತು. ಕೊಲೆಸ್ಟರಾಲ್ ಸಂಖ್ಯೆಗೆ ಜಗ್ಗದವರು ತಮ್ಮದೇ ರಕ್ತನಾಳದ ಚಿತ್ರಕ್ಕೆ ಜಗ್ಗಿದರು. ಮಾತ್ರೆ ಬರೆದುಕೊಟ್ಟರೂ ತೆಗೆದುಕೊಳ್ಳದ, ಸಿಗರೇಟು ಬಿಡಲು ಮೀನಮೇಷ ಎಣಿಸುವವರಿಗೆ ಈ ಸ್ಕ್ಯಾನ್ ಮುನ್ಸೂಚನೆಯಾಗಿ ಅಲ್ಲದಿದ್ದರೂ ಕನ್ನಡಿಯಾಗಿ ಕೆಲಸಕ್ಕೆ ಬರಬಹುದು.

ಈಗಾಗಲೇ ಐ.ಎಂ.ಟಿ. ವರದಿ ಕೈಯಲ್ಲಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಅದರಲ್ಲಿ ಕೆಲವು ಸಂಗತಿಗಳನ್ನು ಹುಡುಕಿ. ಸಂಖ್ಯೆಯ ಪಕ್ಕದಲ್ಲಿ ನಿಮ್ಮ ವಯಸ್ಸು ಮತ್ತು ಲಿಂಗದವರಲ್ಲಿ ನೀವು ಎಷ್ಟನೆಯ ಪರ್ಸೆಂಟೈಲ್, ಅಂದರೆ ನೂರರಲ್ಲಿ ಎಷ್ಟು ಮಂದಿಯ ಗೋಡೆ ನಿಮ್ಮದಕ್ಕಿಂತ ತೆಳು, ಎಂದು ಬರೆದಿದೆಯೇ? ಅಮೆರಿಕದ ಎಕೋ ತಜ್ಞರ ಸಂಘ 2008ರಲ್ಲಿ ಗಡಿಯೆಂದು ಹೇಳಿದ್ದು 75ನೆಯ ಪರ್ಸೆಂಟೈಲನ್ನು. ಎಲ್ಲ ವಯಸ್ಸಿಗೂ 0.9 ಅಥವಾ 1.0 ಮಿ.ಮೀ. ಎಂಬ ಒಂದೇ ಗಡಿ ಹಾಕಿದ ವರದಿ ಮೂವತ್ತೈದರವರಿಗೆ ಸುಳ್ಳು ನೆಮ್ಮದಿಯನ್ನೂ ಎಪ್ಪತ್ತರವರಿಗೆ ಸುಳ್ಳು ಭಯವನ್ನೂ ಕೊಡುತ್ತದೆ. ಬರೆದಿರುವುದು ಸರಾಸರಿ ದಪ್ಪವೋ ಗರಿಷ್ಠ ದಪ್ಪವೋ ಎಂದೂ ನೋಡಿ, ಏಕೆಂದರೆ ಎರಡಕ್ಕೂ ಬೇರೆ ಬೇರೆ ಕೋಷ್ಟಕಗಳಿವೆ. ಕೊನೆಗೆ, ಕವಲು ಮತ್ತು ಒಳ ಕ್ಯಾರೋಟಿಡ್ ಭಾಗಗಳಲ್ಲಿ ಪ್ಲಾಕ್ ಇದೆಯೋ ಇಲ್ಲವೋ ಎಂಬ ವಾಕ್ಯ ಅಲ್ಲಿ ಇರಬೇಕು. ಇಲ್ಲವಾದರೆ ಸ್ಕ್ಯಾನ್ ಮಾಡಿದವರನ್ನು ಕೇಳಿ. ಚಿತ್ರಗಳು ಯಂತ್ರದಲ್ಲಿ ಉಳಿದಿದ್ದರೆ, ಮತ್ತೊಮ್ಮೆ ಜೆಲ್ ಹಚ್ಚಿಸಿಕೊಳ್ಳದೆಯೂ ಆ ಒಂದು ವಾಕ್ಯವನ್ನು ಅವರು ಬರೆದುಕೊಡಬಹುದು.